ಲಿವರ್ ಸಿರೋಸಿಸ್ ಇದ್ದವರು ಹೊಟ್ಟೆಗೆ ನೀರು ಬರುವ ಮುಂಚೆಯೇ ಮಾಡಬೇಕಾದ ಕೆಲಸಗಳು

"ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಸಿರೋಸಿಸ್ ಅಂತ ಬರೆದಿದ್ದಾರೆ. ಆದರೆ ಇವರು ಆರಾಮಾಗಿ ಓಡಾಡಿಕೊಂಡಿದ್ದಾರೆ. ಈಗ ನಾವೇನು ಮಾಡಬೇಕು?" ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಬಹಳ ಜನ ಕೇಳುತ್ತಾರೆ. ಕೇಳುವವರು ಹೆಚ್ಚಾಗಿ ಹೆಂಡತಿ, ಮಗಳು ಅಥವಾ ಸೊಸೆ. ರೋಗಿ ಮಾತ್ರ "ನನಗೇನಾಗಿದೆ, ಸುಮ್ನಿರಿ" ಅನ್ನುತ್ತಿರುತ್ತಾರೆ.

ಉತ್ತರ ಇದೆ. ಏನೂ ತೊಂದರೆ ಕಾಣದ ಈ ಕಾಲದಲ್ಲೇ ಮಾಡುವ ಕೆಲಸ ಜಾಸ್ತಿ. ಮನೆಯವರು ಅದನ್ನು ಹಂತ ಹಂತವಾಗಿ ಹೇಗೆ ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಅಳತೆ, ಡೋಸ್‌ಗಳನ್ನು ಕೊಟ್ಟಿರುವುದು ನೀವು ಡಾಕ್ಟರ ಹತ್ತಿರ ಸರಿಯಾಗಿ ಮಾತಾಡಲು ಅನುಕೂಲವಾಗಲಿ ಅಂತ. ಮಾತ್ರೆ ಕೂಡಿಸುವುದು, ಕಳೆಯುವುದು ಅವರ ಕೆಲಸ.

ಮೊದಲು ಎರಡು ಪದ ಗೊತ್ತಿರಲಿ. ಲಿವರಿಗೆ ವರ್ಷಗಟ್ಟಲೆ ಪೆಟ್ಟು ಬಿದ್ದು, ಮಾಯುವಾಗ ಗಾಯದ ಕಲೆಯಂಥ ಗಟ್ಟಿ ನಾರು ಕಟ್ಟಿಕೊಂಡರೆ ಅದು ಸಿರೋಸಿಸ್. ಇಷ್ಟಾದರೂ ಲಿವರ್ ಹೇಗೋ ಕೆಲಸ ತೂಗಿಸಿಕೊಂಡು ಹೋಗುತ್ತಿದ್ದರೆ ಡಾಕ್ಟರು 'ಕಾಂಪೆನ್ಸೇಟೆಡ್' ಅನ್ನುತ್ತಾರೆ. ತೂಗಿಸಲು ಆಗದೆ ಹೊಟ್ಟೆಯಲ್ಲಿ ನೀರು ತುಂಬಿದರೆ, ರಕ್ತವಾಂತಿ ಆದರೆ, ಬುದ್ಧಿ ಮಂಕಾದರೆ ಅಥವಾ ಕಾಮಾಲೆ ಕಾಣಿಸಿಕೊಂಡರೆ 'ಡಿಕಾಂಪೆನ್ಸೇಟೆಡ್'.

ಹೀಗಾಗುವುದಕ್ಕೆ ಮುಖ್ಯ ಕಾರಣ ಒತ್ತಡ. ಕರುಳಿನಿಂದ ಬರುವ ರಕ್ತವೆಲ್ಲ ಪೋರ್ಟಲ್ ರಕ್ತನಾಳದ ಮೂಲಕ ಲಿವರಿನೊಳಗೆ ಹಾದು ಹೋಗಬೇಕು. ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಪಕ್ಕದ ಸಣ್ಣ ತೋಡುಗಳಿಗೆ ನುಗ್ಗುತ್ತದಲ್ವಾ, ಹಾಗೆ ಗಟ್ಟಿಯಾದ ಲಿವರಿನಲ್ಲಿ ದಾರಿ ಸಿಗದ ರಕ್ತ ಅನ್ನನಾಳದ ಸಣ್ಣ ರಕ್ತನಾಳಗಳಿಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಈ ಉಬ್ಬಿದ ನಾಳಗಳಿಗೆ ವೇರಿಸಿಸ್ ಅನ್ನುತ್ತಾರೆ. ಇವು ಒಡೆದರೆ ರಕ್ತವಾಂತಿ. ಹೊಟ್ಟೆಯಲ್ಲಿ ನೀರು ಸೇರುವುದರ ಮೂಲವೂ ಇದೇ ಒತ್ತಡ.

ಕಾಂಪೆನ್ಸೇಟೆಡ್ ಹಂತದಲ್ಲಿರುವ 100 ಜನರಲ್ಲಿ ವರ್ಷಕ್ಕೆ ಸುಮಾರು 5ರಿಂದ 7 ಜನ ಮುಂದಿನ ಹಂತಕ್ಕೆ ಜಾರುತ್ತಾರೆ ಎಂಬುದು ವೈದ್ಯಲೋಕ ಬಹುಕಾಲದಿಂದ ಬಳಸುತ್ತಿರುವ ಲೆಕ್ಕ. ಜಾರುವ ಮುಂಚೆ ಸರಾಸರಿ ಆಯುಷ್ಯ 12 ವರ್ಷಕ್ಕೂ ಹೆಚ್ಚು. ಜಾರಿದ ಮೇಲೆ, ಲಿವರ್ ಕಸಿ ಮಾಡದಿದ್ದರೆ, ಸುಮಾರು 2 ವರ್ಷ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಜಾರುವುದಕ್ಕೆ ಬಹಳಷ್ಟು ಸಲ ಒಂದು ನೆಪ ಇರುತ್ತದೆ. ಕುಡಿತ, ಸೋಂಕು, ಮಲಬದ್ಧತೆ, ನೋವಿನ ಮಾತ್ರೆ, ಬಿಟ್ಟುಹೋದ ಮದ್ದು. ಇವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ ತಡೆಯಬಹುದು.

1. ನೀವು ಎಲ್ಲಿದ್ದೀರಿ ಅಂತ ತಿಳಿದುಕೊಳ್ಳಿ

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಮೂರು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಸಿರೋಸಿಸ್ಸಿಗೆ ಕಾರಣ ಏನು? ಚೈಲ್ಡ್-ಪ್ಯೂ ದರ್ಜೆ ಎಷ್ಟು? ಎಂಡೋಸ್ಕೋಪಿ (ಬಾಯಿಂದ ಪೈಪ್ ಹಾಕಿ ಅನ್ನನಾಳದಲ್ಲಿ ವೇರಿಸಿಸ್ ಇದೆಯಾ ಅಂತ ನೋಡುವ ಪರೀಕ್ಷೆ) ಬೇಕಾ?

ಚೈಲ್ಡ್-ಪ್ಯೂ ಅಂದರೆ ಐದು ವಿಷಯ ನೋಡಿ ಕೊಡುವ ಅಂಕ, ಜಾಸ್ತಿಯಾದಷ್ಟೂ ಕಾಯಿಲೆ ಜೋರು. ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ), ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್), ಐ.ಎನ್.ಆರ್. (ರಕ್ತ ಹೆಪ್ಪುಗಟ್ಟುವ ವೇಗ), ಹೊಟ್ಟೆಯಲ್ಲಿ ನೀರು, ಬುದ್ಧಿ ಮಂಕು. 5-6 ಅಂಕ ಬಂದರೆ 'ಎ', 7ರಿಂದ 9 'ಬಿ', 10ರಿಂದ 15 'ಸಿ'. ಮೆಲ್ಡ್ ಅನ್ನುವ ಇನ್ನೊಂದು ಅಂಕ 6ರಿಂದ 40ರವರೆಗೆ ಇರುತ್ತದೆ. ಲಿವರ್ ಕಸಿಯ ಸರದಿಗೆ ಅದು ಮುಖ್ಯ.

ಎಂಡೋಸ್ಕೋಪಿ ಎಲ್ಲರಿಗೂ ತಕ್ಷಣ ಬೇಕಾಗುವುದಿಲ್ಲ. ಪ್ಲೇಟ್‌ಲೆಟ್ 1,50,000ಕ್ಕಿಂತ ಜಾಸ್ತಿ ಇದ್ದು, ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಪರೀಕ್ಷೆ) 20ಕ್ಕಿಂತ ಕಡಿಮೆ ತೋರಿಸಿದರೆ ಸದ್ಯಕ್ಕೆ ಬಿಡಬಹುದು ಅನ್ನುತ್ತವೆ ಈಗಿನ ನಿಯಮಗಳು. ಉಳಿದವರು ಮುಂದೂಡಬೇಡಿ. ಬಾಯಿಂದ ಪೈಪ್ ಹಾಕುತ್ತಾರೆ ಅನ್ನುವ ಭಯಕ್ಕೆ ಎಷ್ಟೋ ಜನ ಇದನ್ನು ತಪ್ಪಿಸಿಕೊಂಡು, ರಕ್ತವಾಂತಿ ಆದ ರಾತ್ರಿ ತುರ್ತಾಗಿ ಮಾಡಿಸಿಕೊಳ್ಳುತ್ತಾರೆ.

2. ಮೂಲ ಕಾರಣವನ್ನು ನಿಲ್ಲಿಸಿ

ಉಳಿದ ಎಲ್ಲ ಹಂತಕ್ಕಿಂತ ಇದು ದೊಡ್ಡದು. ಕುಡಿತದಿಂದ ಬಂದಿದ್ದರೆ ಪೂರ್ತಿ ನಿಲ್ಲಬೇಕು. "ಬರೀ ಬಿಯರ್", "ಹಬ್ಬಕ್ಕೆ ಒಂದು ಪೆಗ್" ಇವಕ್ಕೆ ಜಾಗ ಇಲ್ಲ. ಬೇರೆ ಕಾರಣದಿಂದ ಸಿರೋಸಿಸ್ ಆದವರಿಗೂ ಇದೇ ಮಾತು.

ದಿನವೂ ಜಾಸ್ತಿ ಕುಡಿಯುತ್ತಿದ್ದವರು ಮನೆಯಲ್ಲೇ ಒಮ್ಮೆಗೇ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಬರಬಹುದು. ಡಾಕ್ಟರ ಕಣ್ಣಳತೆಯಲ್ಲೇ ಬಿಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರ ಇದೆ. ಮಾತಾಡಲು ಯಾರಾದರೂ ಬೇಕು ಅನ್ನಿಸಿದರೆ ಟೆಲಿ-ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕುಡಿತ ಬಿಡಿಸುವ ಪುಡಿಯನ್ನು ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಡುವವರು ಇದ್ದಾರೆ. ದಯವಿಟ್ಟು ಮಾಡಬೇಡಿ. ಅಂಥ ಪುಡಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಹಾಳಾದ ಲಿವರ್ ಅದನ್ನು ತಡೆದುಕೊಳ್ಳುವುದಿಲ್ಲ.

ಹೆಪಟೈಟಿಸ್ ಬಿ ಇದ್ದರೆ ಟೆನೊಫೋವಿರ್ ಅಥವಾ ಎಂಟೆಕಾವಿರ್ ಮಾತ್ರೆ ದಿನಾ ಬೇಕು, ಒಂದು ದಿನವೂ ತಪ್ಪಬಾರದು. ನಡುವೆ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಕೆರಳಿ ಲಿವರ್ ಕುಸಿಯಬಹುದು. ಹೆಪಟೈಟಿಸ್ ಸಿ ಇದ್ದರೆ ಸಾಮಾನ್ಯವಾಗಿ 12 ವಾರದಿಂದ 24 ವಾರದ ಮಾತ್ರೆಯಲ್ಲಿ ಬಹುತೇಕರಿಗೆ ಪೂರ್ತಿ ವಾಸಿಯಾಗುತ್ತದೆ. ಎರಡಕ್ಕೂ 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಮಾತ್ರೆ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.

ಕುಡಿಯದವರಿಗೂ ಸಿರೋಸಿಸ್ ಬರುತ್ತದೆ. ಶುಗರ್, ಬೊಜ್ಜಿನಿಂದ ಲಿವರಿಗೆ ಕೊಬ್ಬು ಸೇರಿ ಬರುವುದು ಈಗ ತುಂಬಾ ಕಾಣುತ್ತಿದೆ. ಆದ್ದರಿಂದ ಸಿರೋಸಿಸ್ ಅಂದ ತಕ್ಷಣ ಆ ಮನುಷ್ಯನನ್ನು ಕುಡುಕ ಅಂದುಕೊಳ್ಳುವುದನ್ನು ನೆಂಟರು ನಿಲ್ಲಿಸಬೇಕು. ಒಂದು ತೊಟ್ಟೂ ಮುಟ್ಟದ ಹೆಂಗಸರು ಈ ಮಾತು ಕೇಳಿ ನೊಂದುಕೊಳ್ಳುತ್ತಾರೆ.

3. ಒಂದು ನೋಟ್‌ಬುಕ್ ಇಡಿ, ಒಬ್ಬರಿಗೆ ಜವಾಬ್ದಾರಿ ಕೊಡಿ

200 ಪುಟದ ಒಂದು ನೋಟ್‌ಬುಕ್ ಸಾಕು. ದಿನಕ್ಕೆ ಒಂದೇ ಸಾಲು. ಹೀಗೆ:

"ಸೋಮವಾರ. ತೂಕ 61.8. ಮೋಷನ್ 2 ಸಲ, ಮೆತ್ತಗೆ. ಬಿ.ಪಿ. 108/70, ನಾಡಿ 60. ರಾತ್ರಿ ನಿದ್ದೆ ಬಂತು. ಮಾತ್ರೆ ಎಲ್ಲ ಆಯ್ತು. ಸಹಿ."

ತೂಕವನ್ನು ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ಅದೇ ತಕ್ಕಡಿಯಲ್ಲಿ ನೋಡಿ. ಎರಡು-ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಮೈ ಹತ್ತಿದ್ದಲ್ಲ, ನೀರು. ಹೊಟ್ಟೆ ದಪ್ಪ ಕಾಣುವ ಮುಂಚೆಯೇ ತಕ್ಕಡಿಗೆ ಗೊತ್ತಾಗುತ್ತದೆ. ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ಕೊನೆಯ 'ಸಹಿ'ಯನ್ನು ರೋಗಿಯೇ ಹಾಕಬೇಕು. ಅದು ಯಾಕೆ ಅಂತ 8ನೇ ಹಂತದಲ್ಲಿ ಹೇಳುತ್ತೇನೆ. ಬರೆಯುವ ಜವಾಬ್ದಾರಿ ಮನೆಯಲ್ಲಿ ಒಬ್ಬರದ್ದೇ ಆಗಿರಲಿ. ಎಲ್ಲರೂ ನೋಡಿಕೊಳ್ಳುತ್ತೇವೆ ಅಂದರೆ ಯಾರೂ ನೋಡುವುದಿಲ್ಲ.

4. ಉಪ್ಪು

ಹೊಟ್ಟೆಯಲ್ಲಿ ನೀರು ಕಾಣಿಸಿಕೊಂಡವರಿಗೆ ದಿನಕ್ಕೆ ಸುಮಾರು 5 ಗ್ರಾಂ ಉಪ್ಪು ಮಿತಿ. ಅಂದರೆ ಒಂದು ಸಣ್ಣ ಟೀ ಚಮಚೆ, ತುಂಬಿ ತುಳುಕದಂತೆ. ಇನ್ನೂ ನೀರು ಬರದವರಿಗೂ ಇದೇ ಮಿತಿ ಒಳ್ಳೆಯದು.

ಇದನ್ನು ಪಾಲಿಸಲು ಒಂದು ಸುಲಭ ದಾರಿ ಇದೆ. ಬೆಳಿಗ್ಗೆ ಒಂದು ಪುಟ್ಟ ಡಬ್ಬಿಗೆ ಮುಕ್ಕಾಲು ಚಮಚೆ ಉಪ್ಪು ಹಾಕಿ, ಮೇಲೆ ಅವರ ಹೆಸರು ಅಂಟಿಸಿ. ಹಾಲು, ಬ್ರೆಡ್, ತರಕಾರಿಯಲ್ಲಿ ತಾನಾಗಿ ಬರುವ ಉಪ್ಪಿಗೆ ಉಳಿದ ಕಾಲು ಚಮಚೆ ಬಿಟ್ಟುಕೊಟ್ಟ ಹಾಗೆ. ಸಾರು, ಪಲ್ಯ, ಹುಳಿಯನ್ನು ಎಲ್ಲರಿಗೂ ಉಪ್ಪಿಲ್ಲದೆ ಕುದಿಸಿ. ಅವರ ಪಾಲನ್ನು ಮೊದಲು ತೆಗೆದಿಟ್ಟು, ಆ ಡಬ್ಬಿಯಿಂದಲೇ ಉಪ್ಪು ಹಾಕಿ. ಸಂಜೆ ಡಬ್ಬಿ ಖಾಲಿಯಾದರೆ ಅಂದಿನ ಉಪ್ಪು ಮುಗಿಯಿತು. ಬೇರೆ ಅಡುಗೆ ಮಾಡುವ ಕಷ್ಟ ಇಲ್ಲ, ಲೆಕ್ಕವೂ ಕಣ್ಣೆದುರೇ ಇರುತ್ತದೆ. ಮೊದಲ ಎರಡು ವಾರ ಸಪ್ಪೆ ಅನ್ನಿಸುತ್ತದೆ. ನಿಂಬೆರಸ, ಹುಣಸೆ, ಜೀರಿಗೆ, ಮೆಣಸು, ಬೆಳ್ಳುಳ್ಳಿ ಒಗ್ಗರಣೆ, ಕೊತ್ತಂಬರಿ ಸೊಪ್ಪು ಕೈ ಹಿಡಿಯುತ್ತವೆ. ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತದೆ.

ಜನ ಎಡವುವ ಜಾಗಗಳು ಇಲ್ಲಿವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಒಣಮೀನು, ಬೇಕರಿ ಖಾರ ಇವೆಲ್ಲ ಮನೆಯಿಂದಲೇ ದೂರ ಇರಲಿ. ಅಡುಗೆ ಸೋಡಾದಲ್ಲೂ, ಹೊಟ್ಟೆ ಉಬ್ಬರಕ್ಕೆ ನೀರಲ್ಲಿ ಹಾಕಿ ಕುಡಿಯುವ ಈನೋದಂಥ ಪುಡಿಗಳಲ್ಲೂ ಸೋಡಿಯಂ ಇದೆ. ಸೈಂಧವ ಲವಣ, ಕಪ್ಪುಪ್ಪು 'ಆರೋಗ್ಯಕರ' ಅನ್ನುತ್ತಾರೆ. ಅವೂ ಉಪ್ಪೇ. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ ಉಪ್ಪು' ಇನ್ನೂ ಅಪಾಯ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಬೆರೆಸಿರುತ್ತಾರೆ. ನೀರು ಇಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಮೊದಲೇ ಪೊಟ್ಯಾಸಿಯಂ ಏರಿಸುತ್ತದೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಆ ಮಾತ್ರೆ ತೆಗೆದುಕೊಳ್ಳುವವರು ಎಳನೀರನ್ನೂ ಡಾಕ್ಟರನ್ನು ಕೇಳದೆ ದಿನಾ ಕುಡಿಯಬೇಡಿ.

ನೀರು ಕುಡಿಯುವುದನ್ನು ಮಾತ್ರ ನೀವಾಗಿ ಕಡಿಮೆ ಮಾಡಬೇಡಿ. ಹೊಟ್ಟೆಯಲ್ಲಿ ನೀರಿದೆ ಅಂತ ಬಾಯಾರಿಸಿ ಕೂರಿಸುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ರಕ್ತದಲ್ಲಿ ಸೋಡಿಯಂ ತೀರಾ ಇಳಿದಾಗ, ಸುಮಾರು 125ಕ್ಕಿಂತ ಕೆಳಗೆ ಹೋದಾಗ ಮಾತ್ರ ಡಾಕ್ಟರು ನೀರಿಗೆ ಮಿತಿ ಹಾಕುತ್ತಾರೆ.

5. ಊಟ: ಪಥ್ಯದ ಹೆಸರಲ್ಲಿ ಉಪವಾಸ ಕೆಡವಬೇಡಿ

ಲಿವರ್ ಕಾಯಿಲೆ ಅಂದರೆ ಗಂಜಿ, ಕಬ್ಬಿನ ಹಾಲು, ಮಜ್ಜಿಗೆ ಅನ್ನ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಬೇಳೆ, ಮೊಟ್ಟೆ, ಹಾಲು ಎಲ್ಲ ನಿಲ್ಲಿಸಿಬಿಡುತ್ತಾರೆ. ಇದರಿಂದ ಆಗುವ ಹಾನಿ ದೊಡ್ಡದು. ಸಿರೋಸಿಸ್ ಇರುವವರ ಮೈಮೇಲಿನ ಮಾಂಸಖಂಡ ಬೇಗ ಕರಗುತ್ತದೆ. ಖಂಡ ಕರಗಿದಷ್ಟೂ ಸೋಂಕು, ಬುದ್ಧಿ ಮಂಕು, ಬೀಳುವುದು ಜಾಸ್ತಿ. ರಕ್ತದ ಅಮೋನಿಯಾವನ್ನು ಲಿವರ್ ಕೈಬಿಟ್ಟಾಗ ಅಷ್ಟಿಷ್ಟು ಸಂಭಾಳಿಸುವುದು ಈ ಖಂಡಗಳೇ.

ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ಇದ್ದರೆ 72ರಿಂದ 90 ಗ್ರಾಂ. ಹೊಟ್ಟೆಯಲ್ಲಿ ನೀರಿದ್ದರೆ ಆ ನೀರಿನ ತೂಕ ಕಳೆದು ಲೆಕ್ಕ ಹಾಕಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 6-7 ಗ್ರಾಂ, 100 ಗ್ರಾಂ ಹಸಿ ತೊಗರಿಬೇಳೆ ಅಥವಾ ಹುರಿಗಡಲೆಯಲ್ಲಿ 20 ಗ್ರಾಂಗಿಂತ ಜಾಸ್ತಿ, 100 ಗ್ರಾಂ ಒಣ ಸೋಯಾದಲ್ಲಿ 50 ಗ್ರಾಂ ಹತ್ತಿರ. ಬರೀ ಅನ್ನ-ತಿಳಿಸಾರಿನಲ್ಲಿ ಈ ಲೆಕ್ಕ ತುಂಬುವುದಿಲ್ಲ. ಬೇಳೆ ಗಟ್ಟಿಯಾಗಿರಲಿ. ಮೊಳಕೆ ಕಾಳಿನ ಉಸಲಿ, ಮೊಸರು, ಪನೀರ್ ದಿನದಲ್ಲಿ ಎಲ್ಲೋ ಒಂದು ಕಡೆ ಇರಲಿ. ಬುದ್ಧಿ ಮಂಕಾಗುವ ತೊಂದರೆ ಇದ್ದವರಿಗೆ ಮಾಂಸಕ್ಕಿಂತ ಬೇಳೆಕಾಳು, ಹಾಲಿನ ಪ್ರೋಟೀನ್ ಚೆನ್ನಾಗಿ ಒಗ್ಗುತ್ತದೆ. ಅವರಿಗೂ ಪ್ರೋಟೀನ್ ನಿಲ್ಲಿಸುವಂತಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗಟ್ಟಿಯಾದ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ. ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ತಿಂದರೆ, ಆರೋಗ್ಯವಂತರು ಎರಡು-ಮೂರು ದಿನ ಉಪವಾಸ ಇದ್ದಷ್ಟು ಪರಿಣಾಮ ಇವರ ಮೈಮೇಲೆ ಆಗುತ್ತದೆ. ಖಂಡವನ್ನೇ ಕರಗಿಸಿ ಶಕ್ತಿ ಮಾಡಿಕೊಳ್ಳಲು ದೇಹ ಶುರು ಮಾಡುತ್ತದೆ. ಆದ್ದರಿಂದ ಎಚ್ಚರ ಇರುವಾಗ 3-4 ಗಂಟೆಗಿಂತ ಹೆಚ್ಚು ಹೊತ್ತು ಖಾಲಿ ಹೊಟ್ಟೆ ಬೇಡ. ಮಲಗುವ ಮುಂಚೆ ಒಂದು ತಿನಿಸು ಕಡ್ಡಾಯ. ಒಂದು ಲೋಟ ರಾಗಿಹಾಲು, ಜತೆಗೆ ಒಂದು ಹಿಡಿ ಹುರಿಗಡಲೆ ಸಾಕು. ಎದ್ದ ತಕ್ಷಣ ಏನಾದರೂ ಸ್ವಲ್ಪ ತಿನ್ನಲಿ. ಏಕಾದಶಿ, ಶಿವರಾತ್ರಿ, ಶ್ರಾವಣದ ಉಪವಾಸ, ರಂಜಾನ್ ರೋಜಾ ಇವರಿಗೆ ಬೇಡ. ಶುಗರ್ ಇದ್ದವರು ರಾತ್ರಿಯ ತಿನಿಸು ಯಾವುದು ಅಂತ ಡಾಕ್ಟರನ್ನು ಕೇಳಿ ಗೊತ್ತು ಮಾಡಿಕೊಳ್ಳಿ.

ಕಾಫಿ ಬಿಡಬೇಕಾ ಅಂತ ಕೇಳುತ್ತೀರಿ. ಬೇಡ. ದಿನಕ್ಕೆ ಎರಡು-ಮೂರು ಲೋಟ ಕಾಫಿ ಕುಡಿಯುವವರಲ್ಲಿ ಲಿವರಿನ ನಾರು ಕಟ್ಟುವುದು, ಲಿವರ್ ಕ್ಯಾನ್ಸರ್ ಎರಡೂ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಮರುವಾಯಿ, ಪಚ್ಚಿಲೆಯಂಥ ಚಿಪ್ಪುಮೀನು, ಏಡಿ ಚೆನ್ನಾಗಿ ಬೇಯದೆ ತಿನ್ನಬೇಡಿ. ಕಾಲಲ್ಲಿ ಗಾಯ ಇದ್ದಾಗ ಉಪ್ಪುನೀರಿಗೆ ಇಳಿಯಬೇಡಿ. ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಬೇರೆಯವರಿಗಿಂತ ಲಿವರ್ ಕಾಯಿಲೆ ಇದ್ದವರಿಗೆ ತುಂಬಾ ಅಪಾಯಕಾರಿ. ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ಬರಬಹುದು.

6. ಬರೆದುಕೊಟ್ಟ ಮಾತ್ರೆ ಯಾಕೆ ಅಂತ ತಿಳಿದು ತೆಗೆದುಕೊಳ್ಳಿ

ಕಾರ್ವೆಡಿಲಾಲ್, ಪ್ರೊಪ್ರನೊಲಾಲ್. ಇವನ್ನು ಬಿ.ಪಿ. ಮಾತ್ರೆ ಅಂದುಕೊಂಡು "ನನಗೆ ಬಿ.ಪಿ. ಇಲ್ಲವಲ್ಲ" ಅಂತ ಬಿಡುವವರು ಬಹಳ. ಇಲ್ಲಿ ಇವು ಪೋರ್ಟಲ್ ನಾಳದ ಒತ್ತಡ ಇಳಿಸಲು ಕೊಟ್ಟಿರುವುದು. ಈ ಗುಂಪಿನ ಮಾತ್ರೆಗಳು ಸ್ಥಿತಿ ಜಾರುವುದನ್ನೇ ತಡೆಯಬಲ್ಲವು ಎಂದು 2019ರಲ್ಲಿ ಪ್ರಕಟವಾದ ಸ್ಪೇನಿನ ಒಂದು ಅಧ್ಯಯನ ತೋರಿಸಿತು. ನೀವಾಗಿಯೇ ನಿಲ್ಲಿಸಬೇಡಿ. ಮೇಲಿನ ಬಿ.ಪಿ. 90ಕ್ಕಿಂತ ಇಳಿದರೆ ಅಥವಾ ನಾಡಿ 50ರ ಹತ್ತಿರ ಬಂದರೆ ಡಾಕ್ಟರಿಗೆ ತಿಳಿಸಿ. ಆಸ್ತಮಾ ಇದ್ದರೆ ಮೊದಲೇ ಹೇಳಿ.

ಸ್ಪೈರೊನೊಲ್ಯಾಕ್ಟೋನ್, ಫ್ಯುರೊಸೆಮೈಡ್. ಮೂತ್ರದ ಮೂಲಕ ನೀರು ಇಳಿಸುವ ಮಾತ್ರೆ. ಬೇಗ ಇಳಿದರೆ ಒಳ್ಳೆಯದು ಅನ್ನಿಸುತ್ತದೆ, ಹಾಗಲ್ಲ. ಕಾಲು ಊತ ಇಲ್ಲದವರಲ್ಲಿ ದಿನಕ್ಕೆ ಅರ್ಧ ಕೆ.ಜಿ., ಊತ ಇದ್ದವರಲ್ಲಿ ಒಂದು ಕೆ.ಜಿ. ಇಳಿದರೆ ಸಾಕು. ಅದಕ್ಕಿಂತ ವೇಗವಾಗಿ ಇಳಿದರೆ ಕಿಡ್ನಿಗೆ ಪೆಟ್ಟು. ವಾಂತಿ-ಭೇದಿ ಶುರುವಾದ ದಿನ ಈ ಮಾತ್ರೆ ತೆಗೆದುಕೊಳ್ಳಬೇಕಾ ಅಂತ ಫೋನ್ ಮಾಡಿ ಕೇಳಿ. ಗಂಡಸರಿಗೆ ಎದೆ ಊದಿ ನೋವು ಬಂದರೆ ಅದು ಸ್ಪೈರೊನೊಲ್ಯಾಕ್ಟೋನ್‌ನಿಂದ ಆಗಿರಬಹುದು. ನಾಚಿಕೊಂಡು ಮಾತ್ರೆ ಬಿಡಬೇಡಿ, ಹೇಳಿದರೆ ಬದಲಿಸಿ ಕೊಡುತ್ತಾರೆ.

ಲ್ಯಾಕ್ಟುಲೋಸ್ ಸಿರಪ್. ಕರುಳಿನ ಅಮೋನಿಯಾ ಮಲದಲ್ಲಿ ಹೊರಹೋಗಲಿ ಅಂತ ಕೊಡುವುದು. ಇದಕ್ಕೆ ಡೋಸ್ ಗೊತ್ತು ಮಾಡುವುದು ಮೋಷನ್ ಎಣಿಕೆ. ದಿನಕ್ಕೆ 2-3 ಸಲ ಮೆತ್ತಗೆ ಆಗಬೇಕು. ಒಂದೇ ಸಲ ಆದರೆ ಸಾಲದು. ಐದಾರು ಸಲ ನೀರಾಗಿ ಹೋದರೆ ಜಾಸ್ತಿ ಆಯ್ತು. ಹಾಗೆ ನೀರು ಬತ್ತಿದರೂ ಬುದ್ಧಿ ಮಂಕಾಗುತ್ತದೆ. ಸಿಹಿಯಾಗಿದೆ ಅಂತ ಶುಗರ್ ಇರುವವರು ಹೆದರಿ ನಿಲ್ಲಿಸುತ್ತಾರೆ. ಅದರ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಊರಿಗೆ ಹೋಗುವಾಗ, ಮದುವೆಗೆ ಹೋಗುವಾಗ ಕಕ್ಕಸಿನ ಕಷ್ಟ ಅಂತ ಎರಡು ದಿನ ಬಿಡುವುದೂ ಉಂಟು. ಮೂರನೇ ದಿನ ಆಸ್ಪತ್ರೆ ಸೇರುವವರಲ್ಲಿ ಇಂಥವರು ಎಷ್ಟೋ ಜನ.

7. ಇವು ಬೇಡ

ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೊಫಿನಾಕ್, ಅಸೆಕ್ಲೊಫಿನಾಕ್, ಐಬುಪ್ರೊಫೇನ್, ನಿಮೆಸುಲೈಡ್ ಬೇಡವೇ ಬೇಡ. ಕಿಡ್ನಿಗೆ ಪೆಟ್ಟು ಕೊಡುತ್ತವೆ, ರಕ್ತಸ್ರಾವ ಮಾಡಿಸುತ್ತವೆ. ಊರ ಕ್ಲಿನಿಕ್ಕಿನಲ್ಲಿ "ಒಂದು ನೋವಿನ ಇಂಜೆಕ್ಷನ್ ಕೊಡಿ" ಅಂತ ಕೇಳುವುದೂ ಇದೇ ಲೆಕ್ಕ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಲಿವರಿಗೆ ಕೆಟ್ಟದ್ದು ಅಂತ ಅದಕ್ಕೆ ಹೆದರಿ ಐಬುಪ್ರೊಫೇನ್ ನುಂಗುವುದು ತಲೆಕೆಳಗಾದ ಲೆಕ್ಕ. ದಿನಕ್ಕೆ ಒಟ್ಟು 2 ಗ್ರಾಂ ದಾಟಬಾರದು. ಅಂದರೆ 500ರ ಮಾತ್ರೆ ನಾಲ್ಕು. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿದ್ದೆ ಬರುತ್ತಿಲ್ಲ ಅಂತ ಅಲ್ಪ್ರಾಜೊಲಾಂನಂಥ ಮಾತ್ರೆ ಕೊಡಬೇಡಿ. ರಾತ್ರಿ ನಿದ್ದೆ ಬಾರದಿರುವುದೇ ಬುದ್ಧಿ ಮಂಕಾಗುವ ಮೊದಲ ಸೂಚನೆ ಇರಬಹುದು. ಗ್ಯಾಸ್ ಮಾತ್ರೆಯನ್ನು, ಅಂದರೆ ಪ್ಯಾಂಟೊಪ್ರಜೋಲ್‌ನಂಥವನ್ನು, ಡಾಕ್ಟರು ಕಾರಣ ಇಟ್ಟು ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ. ವರ್ಷಗಟ್ಟಲೆ ಸುಮ್ನೆ ನುಂಗುವವರಲ್ಲಿ ಹೊಟ್ಟೆ ನೀರಿನ ಸೋಂಕು ಜಾಸ್ತಿ ಕಂಡಿದೆ.

ನಾಟಿ ಮದ್ದಿನ ವಿಷಯ. ಕಾಮಾಲೆಗೆ ಮದ್ದು ಕೊಡುವವರು, ಬರೆ ಹಾಕುವವರು ಇನ್ನೂ ಇದ್ದಾರೆ. ಬರೆಯಿಂದ ಲಿವರಿಗೆ ಏನೂ ಆಗುವುದಿಲ್ಲ, ಸೋಂಕು ಮಾತ್ರ ಗ್ಯಾರಂಟಿ. 'ಸೊಪ್ಪು-ಬೇರು, ಏನೂ ತೊಂದರೆ ಇಲ್ಲ' ಅನ್ನುವ ಮಾತೂ ನಿಜ ಅಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟ ರೋಗಿಗಳ ಬಗ್ಗೆ ಮುಂಬೈಯ ವೈದ್ಯರು ವರದಿ ಮಾಡಿದ್ದಾರೆ. ಅಶ್ವಗಂಧದಿಂದಲೂ ಲಿವರಿಗೆ ಪೆಟ್ಟಾದ ವರದಿಗಳಿವೆ. ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಡಿ. ಬಾಟಲಿಯಲ್ಲಿ, ಕ್ಯಾಪ್ಸೂಲಿನಲ್ಲಿ ಬರುವುದು ಏನೇ ಆಗಲಿ, ಡಾಕ್ಟರಿಗೆ ತೋರಿಸದೆ ಬೇಡ.

8. ಬುದ್ಧಿ ಮಂಕಾಗುವುದನ್ನು ಮೊದಲೇ ಹಿಡಿಯುವುದು

ಇದಕ್ಕೆ ಹೆಪಾಟಿಕ್ ಎನ್ಸೆಫಲೋಪತಿ ಅನ್ನುತ್ತಾರೆ. ಲಿವರ್ ಶುದ್ಧ ಮಾಡದೆ ಬಿಟ್ಟ ಅಮೋನಿಯಾ ಮಿದುಳಿಗೆ ಹೋಗಿ ಹೀಗಾಗುತ್ತದೆ. ಮನೆಯವರಿಗೆ ಅತಿ ಕಷ್ಟ ಕೊಡುವುದು ಇದೇ. ಕಾಯಿಲೆ ಅಂತ ಗೊತ್ತಾಗದೆ ಸಿಡುಕು, ಸೋಮಾರಿತನ ಅನ್ನಿಸುತ್ತದೆ. ಮೊದಲು ಕುಡಿಯುತ್ತಿದ್ದವರಾದರೆ "ಮತ್ತೆ ಕುಡಿದು ಬಂದಿದ್ದಾರೆ" ಅಂತ ಮನೆಯವರೇ ಬೈಯುತ್ತಾರೆ. ಅವರು ಕುಡಿದಿರುವುದಿಲ್ಲ. ಆ ಬೈಗುಳದಲ್ಲಿ ಚಿಕಿತ್ಸೆಯ ಒಂದು ದಿನ ಕಳೆದುಹೋಗುತ್ತದೆ.

ಹಗಲು ತೂಕಡಿಕೆ, ರಾತ್ರಿ ಎಚ್ಚರ. ಮಾತಿನ ನಡುವೆ ತಡೆ. ಅಂಗಿಯ ಗುಂಡಿ ಹಾಕಲು ತಡಕಾಟ. ಚಿಲ್ಲರೆ ಎಣಿಸುವಾಗ ತಪ್ಪು. ಇವು ಕಂಡರೆ ಮೂರು ಪರೀಕ್ಷೆ ಮಾಡಿ.

ನೋಟ್‌ಬುಕ್ಕಿನ ಸಹಿ ನೋಡಿ. ಹೋದ ವಾರದ ಸಹಿಗೂ ಇವತ್ತಿನದಕ್ಕೂ ಹೋಲಿಸಿ. ಕೊಂಬು-ಒತ್ತಕ್ಷರ ಸೊಟ್ಟಗಾಗಿದ್ದರೆ, ಸಾಲು ಕೆಳಗಿಳಿದಿದ್ದರೆ ಗಮನಿಸಿ. ಎರಡನೆಯದು, ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಗಾಡಿ ನಿಲ್ಲಿಸಿ ಅನ್ನುವ ಹಾಗೆ ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿ ಅರ್ಧ ನಿಮಿಷ ಹಿಡಿಯಲು ಹೇಳಿ. ಕೈ ನಡುನಡುವೆ ಕೆಳಗೆ ಜೋತು ಮತ್ತೆ ಎದ್ದರೆ ಅದು ಈ ಕಾಯಿಲೆಯ ಗುರುತು. ಮೂರನೆಯದು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಣಿಸಿ. ಹತ್ತಕ್ಕಿಂತ ಕಡಿಮೆಯಾದರೆ ಅವತ್ತೇ ಡಾಕ್ಟರಿಗೆ ತಿಳಿಸಿ.

ಇಂಥ ಸೂಚನೆ ಇರುವಾಗ ಬೈಕ್, ಕಾರು ಓಡಿಸಲು ಬಿಡಬೇಡಿ. ಮೊದಲು ನೋಡಬೇಕಾದ್ದು ಮೋಷನ್ ಆಗಿದೆಯಾ ಅಂತ. ಆಮೇಲೆ ಜ್ವರ, ಕಪ್ಪು ಮಲ, ಹೊಸ ಮಾತ್ರೆ. ತೀರಾ ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕಬೇಡಿ, ಸಿರಪ್ಪನ್ನೂ. ಶ್ವಾಸನಾಳಕ್ಕೆ ಹೋಗುತ್ತದೆ. ಸೀದಾ ಆಸ್ಪತ್ರೆಗೆ.

9. ಬೆಳಗಾಗಲಿ ಅಂತ ಕಾಯಬಾರದ ಸಂದರ್ಭಗಳು

ರಕ್ತವಾಂತಿ. ಡಾಂಬರಿನ ಬಣ್ಣದ, ಅಂಟಂಟಾದ, ಕೆಟ್ಟ ವಾಸನೆಯ ಮಲ. (ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅನುಮಾನ ಇದ್ದರೆ ರಕ್ತ ಅಂತಲೇ ತಿಳಿಯಿರಿ.) ಗೊಂದಲ, ಎಬ್ಬಿಸಿದರೂ ಏಳದಿರುವುದು. ಹೊಟ್ಟೆಯಲ್ಲಿ ನೀರಿರುವವರಿಗೆ ಜ್ವರ ಅಥವಾ ಹೊಟ್ಟೆನೋವು. ಮೂತ್ರ ತೀರಾ ಕಡಿಮೆಯಾಗುವುದು. ನೀರು ತುಂಬಿ ಉಬ್ಬಿದ ಹೊಕ್ಕುಳಿನ ಚರ್ಮ ಬಣ್ಣ ತಿರುಗುವುದು ಅಥವಾ ಒಸರುವುದು.

108ಕ್ಕೆ ಫೋನ್ ಮಾಡಿ. ವಾಂತಿ ಆಗುತ್ತಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಆಸ್ಪತ್ರೆಯಲ್ಲಿ ಮೊದಲ ಮಾತು "ಇವರಿಗೆ ಸಿರೋಸಿಸ್ ಇದೆ" ಅಂತಲೇ ಇರಲಿ.

ಇದಕ್ಕೆ ಇವತ್ತೇ ಮಾಡಿಡಬೇಕಾದ ಒಂದು ಕೆಲಸ ಇದೆ. ನಿಮ್ಮ ಊರಿಗೆ ಹತ್ತಿರದಲ್ಲಿ ರಾತ್ರಿಯೂ ಎಂಡೋಸ್ಕೋಪಿ ಮಾಡುವ, ರಕ್ತನಿಧಿ ಇರುವ ಆಸ್ಪತ್ರೆ ಯಾವುದು ಅಂತ ವಿಚಾರಿಸಿ, ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ರಕ್ತವಾಂತಿ ಆದವರಿಗೆ ಸ್ಥಿತಿ ಸ್ವಲ್ಪ ಸ್ಥಿರವಾದ ಮೇಲೆ 12 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ, ಒಡೆದ ನಾಳಕ್ಕೆ ರಬ್ಬರ್ ಬ್ಯಾಂಡ್ ಹಾಕಬೇಕು. ತಾಲೂಕು ಆಸ್ಪತ್ರೆಯಿಂದ ಜಿಲ್ಲೆಗೆ, ಅಲ್ಲಿಂದ ಮೆಡಿಕಲ್ ಕಾಲೇಜಿಗೆ ಅಲೆಯುವುದರಲ್ಲೇ ಆ ಹೊತ್ತು ಮುಗಿದುಹೋಗಬಾರದು.

ಹೊಟ್ಟೆಯಲ್ಲಿ ನೀರಿದ್ದು ಯಾವುದೇ ಕಾರಣಕ್ಕೆ ಅಡ್ಮಿಟ್ ಆದರೂ, ಆ ನೀರನ್ನು ಸೂಜಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದ್ದಾರಾ ಅಂತ ಕೇಳಿ. ಅದರಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ 250 ದಾಟಿದ್ದರೆ ಸೋಂಕು ಅಂತ ಅರ್ಥ. ಜ್ವರ ಇಲ್ಲದೆಯೂ ಈ ಸೋಂಕು ಇರಬಹುದು. 5 ಲೀಟರಿಗಿಂತ ಜಾಸ್ತಿ ನೀರು ತೆಗೆದರೆ ಆಲ್ಬುಮಿನ್ ಡ್ರಿಪ್ ಕೊಡಬೇಕು, ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ. ದುಬಾರಿ ಅಂತ ಬಿಟ್ಟರೆ ಕಿಡ್ನಿ ಕೈಕೊಡುವ ಅಪಾಯ.

10. ಆರು ತಿಂಗಳಿಗೊಮ್ಮೆ

ಲಿವರ್ ಕ್ಯಾನ್ಸರ್ ಬೇಗ ಪತ್ತೆಯಾಗಲಿ ಅಂತ ಪ್ರತಿ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಆಗಬೇಕು. ಜತೆಗೆ ಎ.ಎಫ್.ಪಿ. ಎಂಬ ರಕ್ತಪರೀಕ್ಷೆ ಬರೆಯುತ್ತಾರೆ. ಆರಾಮಾಗಿದ್ದರೂ ತಪ್ಪಿಸಬೇಡಿ. ಲಸಿಕೆ ಆಗಿದೆಯಾ ಕೇಳಿ: ಹೆಪಟೈಟಿಸ್ ಎ ಮತ್ತು ಬಿ, ನ್ಯುಮೋನಿಯಾ, ವರ್ಷಕ್ಕೊಮ್ಮೆ ಫ್ಲೂ. ಹಲ್ಲು ಕೀಳಿಸುವ ಮುಂಚೆ, ಯಾವುದೇ ಆಪರೇಷನ್ ಮುಂಚೆ ಲಿವರ್ ಡಾಕ್ಟರಿಗೆ ತಿಳಿಸಿ.

11. ಒಮ್ಮೆ ಜಾರಿದ ಮೇಲೆ

ಹೊಟ್ಟೆಗೆ ನೀರು ಬಂತು, ಇನ್ನು ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಮೂಲ ಕಾರಣ ನಿಂತರೆ ಕೆಲವರ ಲಿವರ್ ಮತ್ತೆ ಕೆಲಸ ತೂಗಿಸಿಕೊಳ್ಳುತ್ತದೆ. ನೀರಿನ ಮಾತ್ರೆಯೂ ಇಲ್ಲದೆ, ಒಂದು ವರ್ಷ ನೀರು, ರಕ್ತಸ್ರಾವ, ಮಂಕು ಯಾವುದೂ ಬಾರದೆ, ರಕ್ತಪರೀಕ್ಷೆಗಳೂ ಸುಧಾರಿಸಿದರೆ ಅದನ್ನು 'ರೀಕಾಂಪೆನ್ಸೇಷನ್' ಅಂತ ಬವೇನೊ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟದ 2022ರ ನಿಯಮಗಳು ಗುರುತಿಸಿವೆ. ಕುಡಿತ ಪೂರ್ತಿ ಬಿಟ್ಟವರಲ್ಲಿ, ಹೆಪಟೈಟಿಸ್ ಬಿ ಮಾತ್ರೆ ತಪ್ಪದೆ ತೆಗೆದುಕೊಂಡವರಲ್ಲಿ ಇದು ಕಾಣುತ್ತದೆ.

ಆದರೆ ಕಸಿಯ ಮಾತನ್ನೂ ಅದೇ ಹೊತ್ತಿಗೆ ಶುರು ಮಾಡಬೇಕು. ಮೆಲ್ಡ್ 15 ಮುಟ್ಟಿದರೆ ಅಥವಾ ಮೊದಲ ಸಲ ಜಾರಿದ ತಕ್ಷಣ ಕಸಿ ಕೇಂದ್ರಕ್ಕೆ ಕಳಿಸಿ ಅಂತ ಡಾಕ್ಟರನ್ನು ನೀವೇ ಕೇಳಿ. ತೀರಾ ಕುಸಿದ ಮೇಲೆ ಹೋದರೆ ಆಪರೇಷನ್ ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ಮಿದುಳು ನಿಷ್ಕ್ರಿಯವಾದ ದಾನಿಗಳ ಅಂಗಗಳು ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಸಂಸ್ಥೆಯ ಸರದಿ ಪಟ್ಟಿಯಂತೆ ಹಂಚಿಕೆಯಾಗುತ್ತವೆ. ಹೆಸರನ್ನು ಕಸಿ ಆಸ್ಪತ್ರೆಯೇ ನೋಂದಾಯಿಸುತ್ತದೆ. ಮನೆಯವರೊಬ್ಬರು ತಮ್ಮ ಲಿವರಿನ ಒಂದು ಭಾಗ ಕೊಡಬಹುದು. ದಾನಿಯ ಲಿವರ್ ಕೆಲವು ತಿಂಗಳಲ್ಲಿ ಮತ್ತೆ ಬೆಳೆದುಕೊಳ್ಳುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿಯ ಸರ್ಕಾರಿ ಸಂಸ್ಥೆ ಇದೆ. ಬಿಪಿಎಲ್ ಕಾರ್ಡ್ ಇರುವವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಸಿಗುವ ನೆರವಿನ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ಏನೇನು ಕಾಗದ ಬೇಕು ಅಂತ ಬರೆಸಿಕೊಂಡು ಬನ್ನಿ.

ಯಾರು ಕೊಡುತ್ತಾರೆ, ಯಾರು ಆಸ್ಪತ್ರೆಯಲ್ಲಿ ಇರುತ್ತಾರೆ, ದುಡ್ಡು ಎಲ್ಲಿಂದ, ಬ್ಯಾಂಕ್ ಖಾತೆಗೆ ನಾಮಿನಿ ಯಾರು. ಈ ಮಾತುಗಳನ್ನು ರೋಗಿಯ ಬುದ್ಧಿ ತಿಳಿಯಾಗಿರುವಾಗಲೇ, ಅವರನ್ನೇ ಮುಂದೆ ಕೂರಿಸಿಕೊಂಡು ಆಡಿ. ಮನೆಮಂದಿ ಹೊರಗೆ ಗುಸುಗುಸು ಮಾತಾಡಿ ತೀರ್ಮಾನ ಮಾಡುವುದು ಬೇಡ. ಅವರ ಇಷ್ಟ ಏನು ಅಂತ ಅವರ ಬಾಯಿಂದಲೇ ಕೇಳಿ.